ಅತ್ತೆಗೊಂದು ಹಡಗಿನ ಕೋಣೆ

ಕನ್ನಂಬಾಡಿಯಲ್ಲಿ ಇನ್ನೂ ಕಟ್ಟೆ ಕಟ್ಟಿರಲಿಲ್ಲ. ನಮ್ಮ ನರಸೀಪುರದಲ್ಲಿ ಕಾವೇರಿ ತನಗೆ ಬೇಕಾದಾಗ ಏರಿ ಬೇಕಾದಾಗ ಇಳಿಯುತ್ತಿದ್ದ ಕಾಲ ಅದು. ನಮ್ಮ ಯಜಮಾನರು ರಂಗೂನಿನ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತರಾಗಿ ಸೇರಿ ಮೂರು ವರ್ಷವಾಗಿತ್ತು. ನಾನು ಅತ್ತೆಯ ಜೊತೆ, ಭಾವನವರ ಸಂಸಾರದಲ್ಲಿ, ನರಸೀಪುರದ ಮನೆಯಲ್ಲೇ ಇದ್ದೆ. ಒಂದು ದಿನ ಅವರಿಂದ ಕಾಗದ ಬಂತು. ಮನೆ ಮಾಡಿದ್ದೇನೆ, ಅವ್ವನನ್ನೂ ಇವಳನ್ನೂ ಕಳಿಸಿಕೊಡಿ ಎಂದಿತ್ತು.

ಕಾಗದವನ್ನು ಭಾವನವರು ನಡುಮನೆಯಲ್ಲಿ ಕುಳಿತು ಗಟ್ಟಿಯಾಗಿ ಓದಿದರು. ಅತ್ತೆ ಕಂಬಕ್ಕೊರಗಿ ಕೂತಿದ್ದರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಮದರಾಸಿನಿಂದ ರಂಗೂನಿಗೆ ಇಬ್ಬರಿಗೂ ಡೆಕ್ಕಿನ ಟಿಕೆಟ್ಟು ಆಗಿದೆ. ಡೆಕ್ಕು ಎಂದರೆ ಹಡಗಿನ ಬಯಲು ಹಲಗೆ, ಅಲ್ಲಿ ಚಾಪೆ ಹಾಸಿಕೊಂಡು ಹೋಗಬೇಕು. ಇನ್ನಷ್ಟು ಹಣ ಕಟ್ಟಿದರೆ ಸೆಕೆಂಡ್ ಕ್ಲಾಸಿನಲ್ಲಿ ಮಂಚವಿರುವ ಕೋಣೆ ಕೊಡುತ್ತಾರೆ. ಆ ಹಣವನ್ನು ಮದರಾಸಿನ ಏಜೆಂಟರ ಹತ್ತಿರ ಇಟ್ಟಿದ್ದೇನೆ. ಇಷ್ಟು ಓದಿದ ಭಾವನವರು ಮುಂದಿನ ಸಾಲಿಗೆ ಬಂದಾಗ ಒಂದು ಗಳಿಗೆ ನಿಂತರು. ಆಮೇಲೆ ಅದನ್ನೂ ಓದಿದರು.

“ಕೋಣೆ ಬೇಕೋ ಬೇಡವೋ ಎಂಬುದನ್ನು ಇವಳೇ ತೀರ್ಮಾನ ಮಾಡಲಿ. ಅಣ್ಣನನ್ನು ಕೇಳಿದರೆ ಬೇಡ ಅನ್ನುತ್ತಾನೆ, ಅವ್ವನನ್ನು ಕೇಳಿದರೆ ಅವಳೂ ಬೇಡ ಅನ್ನುತ್ತಾಳೆ.”

ಭಾವನವರಿಗೆ ನಗುವೂ ಬಂತು, ಸಿಟ್ಟೂ ಬಂತು. “ನೋಡವ್ವಾ ನಿನ್ ಮಗ ಬರ್ದಿರಾದ. ನಾನು ಬೇಡ ಅಂತೀನಂತೆ. ಬೇಡ ಅನ್ದೆ ಇನ್ನೇನಂದೇನು? ಮೂರು ನಾಕು ದಿಸ ಮಲಿಕಳಾಕೆ ಅಷ್ಟು ದುಡ್ಡು ಸುರೀಬೇಕಾ?”

“ನಂಗ್ಯಾಕಪ್ಪಾ ರೂಮು,” ಎಂದರು ಅತ್ತೆ. “ಕಣ್ಮುಚ್ಕಂಡು ಕುಂತ್ಕಂಡ್ರೆ ಓಯ್ತದೆ.”

ಇಬ್ಬರೂ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ನನಗಾಗ ಇಪ್ಪತ್ತು ತುಂಬಿರಲಿಲ್ಲ. ಆವತ್ತು ಸಾರಿಗೆ ಏನು ಹಾಕಬೇಕೆಂಬುದನ್ನು ಕೂಡ ಆ ಮನೆಯಲ್ಲಿ ನಾನು ತೀರ್ಮಾನ ಮಾಡಿದವಳಲ್ಲ. ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದೆ.

ನನಗೆ ಹೆದರಿಕೆಯಾದದ್ದಕ್ಕೆ ಕಾರಣವಿತ್ತು. ನಾವು ಲಿಂಗಧಾರಿಗಳು. ಅತ್ತೆ ಎರಡು ಹೊತ್ತೂ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಪೂಜೆಗೆ ಕೂರುವಾಗ ದೇವರ ಕೋಣೆಯ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಕೂಡ ಒಳಗೆ ಹೋಗುವಂತಿರಲಿಲ್ಲ. ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂರುವುದು ಅವರ ಪೂಜೆ. ಆ ಲಿಂಗ ಕೈಜಾರಿ ಕಳೆದುಹೋದರೆ ಅಂಥವರು ಬದುಕಿರಬಾರದು ಎಂದು ಅವರ ಕಾಲದವರು ನಂಬಿದ್ದರು. ಇವರೂ ನಂಬಿದ್ದರು. ಸುತ್ತ ಸಮುದ್ರ, ಕೆಳಗೆ ಅಲ್ಲಾಡುವ ಹಲಗೆ, ನಾಲ್ಕೂ ಕಡೆ ಕಂಡವರ ಕಣ್ಣು. ಇದರಲ್ಲಿ ಅವರು ಎಲ್ಲಿ ಕೂತು ಪೂಜೆ ಮಾಡುತ್ತಾರೆ? ಮಾಡದಿದ್ದರೆ ಊಟವಿಲ್ಲ. ಊಟವಿಲ್ಲದೆ ಆ ವಯಸ್ಸಿನ ಜೀವ ರಂಗೂನು ಮುಟ್ಟುವುದು ಹೇಗೆ?

ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಒಂದು ಸೋಮವಾರ ಅತ್ತೆ ಹೊಳೆಯಾಚೆ ತಿರುಮಕೂಡಲಿನ ದೇವಸ್ಥಾನಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಹೊಳೆ ತುಂಬಿತ್ತು, ಹರಿಗೋಲಿನಲ್ಲಿ ದಾಟಬೇಕು. ನಡುನೀರಿಗೆ ಬಂದಾಗ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಒಂದು ಅಡಿಕೆಯನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ.

“ಇದನ್ನ ಎಡಗೈಲಿ ಇಟ್ಕಂಡು ಪೂಜೆಗೆ ಕೂರೂವಂಗೆ ಕೂತ್ಕಳಿ ಅತ್ತೆ. ನೋಡ್ಮ.”

ಅವರಿಗೆ ನನ್ನ ಉದ್ದೇಶ ತಕ್ಷಣ ಗೊತ್ತಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತರು. ಅಂಗೈಯಲ್ಲಿ ಅಡಿಕೆ ಇಟ್ಟುಕೊಂಡು ಅದನ್ನೇ ನೋಡತೊಡಗಿದರು.

ಹರಿಗೋಲಿನವನು ಹುಟ್ಟು ನಿಲ್ಲಿಸಿದ. “ಏನವ್ವಾ ಅದು, ಅಡಿಕೇಲಿ ಸಾಸ್ತ್ರ ನೋಡ್ತಿದ್ದೀರಾ?”

“ನೀ ಸುಮ್ಕೆ ಉಟ್ಟಾಕಪ್ಪ,” ಎಂದರು ಅತ್ತೆ, ಕಣ್ಣು ಕೀಳದೆ.

ಸ್ವಲ್ಪ ದೂರ ಸರಿಯಾಗೇ ಇತ್ತು. ಎರಡು ಹೊಳೆ ಕೂಡುವ ಕಡೆ ನೀರು ಸುಳಿಯುತ್ತದೆ. ಅಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ಅತ್ತೆಯ ಬಲಗೈ ತಾನಾಗಿ ಅಂಚನ್ನು ಹಿಡಿಯಿತು. ಅಡಿಕೆ ನೀರಿಗೆ ಬಿತ್ತು. ಸದ್ದು ಕೂಡ ಕೇಳಿಸಲಿಲ್ಲ. ಅವರು ಖಾಲಿ ಅಂಗೈಯನ್ನು ನೋಡುತ್ತಲೇ ಇದ್ದರು.

ಕೋಣೆ ತೆಗೆದುಕೊಳ್ಳಲೇಬೇಕು ಎಂದು ನಾನು ಅವತ್ತೇ ನಿಶ್ಚಯ ಮಾಡಿದೆ. ಸಾಯಂಕಾಲ ದೀಪ ಹಚ್ಚುವಾಗ ಅತ್ತೆಗೆ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. “ಬ್ಯಾಡ ಕನವ್ವಾ,” ಎಂದರು. ಅಡಿಕೆ ಬಿದ್ದದ್ದನ್ನು ಕಣ್ಣಾರೆ ಕಂಡೂ ಯಾಕೆ ಬೇಡ ಅನ್ನುತ್ತಾರೋ ನನಗೆ ಅರ್ಥವಾಗಲಿಲ್ಲ. ಜಿಪುಣತನವಂತೂ ಅವರದಲ್ಲ.

ಹೊರಡುವ ವಾರ ಗಾಡಿ ಕಟ್ಟಿಸಿಕೊಂಡು ನಂಜನಗೂಡಿಗೆ ಬಂದೆವು. ಅಲ್ಲಿ ನನ್ನ ತವರು. ರೈಲು ಹತ್ತುವುದೂ ಅಲ್ಲಿಂದಲೇ. ನಮ್ಮಪ್ಪ ಪೇಟೆ ಬೀದಿಯಲ್ಲಿ ದವಸದ ಅಂಗಡಿ ಇಟ್ಟಿದ್ದರು. ವಿಷಯ ಕೇಳಿದವರೇ, “ನಿಮ್ಮತ್ತೆ ಒಪ್ಪೂದಾದ್ರೆ ರೂಮಿನ ಬಾಬ್ತು ನಾನೇ ಕೊಡ್ತೀನಿ,” ಎಂದರು. ಬೀಗರ ಹತ್ತಿರ ಒಂದು ತೆಂಗಿನಕಾಯಿಯನ್ನೂ ಬಿಟ್ಟಿಯಾಗಿ ತೆಗೆದುಕೊಳ್ಳುವವರಲ್ಲ ನಮ್ಮತ್ತೆ. ಆ ಮಾತನ್ನು ಅವರ ಕಿವಿಗೆ ಹಾಕಬೇಡಿ ಎಂದು ಅಪ್ಪನಿಗೆ ಕೈಮುಗಿದೆ.

ಆಗ ಅಪ್ಪ ತಮ್ಮ ಸ್ನೇಹಿತರೊಬ್ಬರನ್ನು ಮನೆಗೆ ಕರೆತಂದರು. ಅವರು ಸೀರೆ ಗಂಟು ತೆಗೆದುಕೊಂಡು ಎರಡು ಸಲ ರಂಗೂನಿಗೆ ಹೋಗಿಬಂದ ವರ್ತಕರು. ಒಂದು ಸಲ ಡೆಕ್ಕಿನಲ್ಲಿ, ಒಂದು ಸಲ ಕೋಣೆಯಲ್ಲಿ. ಇವರಾದರೂ ನನ್ನ ಗೊಂದಲ ಬಿಡಿಸುತ್ತಾರೆಂದು ನಾನು ಮಜ್ಜಿಗೆ ಕೊಟ್ಟು ಗೋಡೆ ಪಕ್ಕ ನಿಂತೆ.

“ಡೆಕ್ಕು ಅಂದ್ರೆ ಸಂತೆಮಾಳ ಕಣವ್ವಾ,” ಎಂದು ಅವರು ಶುರುಮಾಡಿದರು. “ಒಬ್ರ ಕಾಲು ಇನ್ನೊಬ್ರ ತಲೆಗೆ ತಾಗ್ತದೆ. ಒಬ್ರು ವಾಂತಿ ಮಾಡಿದ್ರೆ ಸಾಲಾಗಿ ಎಲ್ರೂ ಮಾಡ್ತಾರೆ. ಬೆಳಗಾನ ಎದ್ದರೋ ಇಲ್ವೋ ಖಲಾಸಿಗಳು ಉಪ್ಪುನೀರು ಬುಟ್ಟು ಹಲಗೆ ತೊಳೀತಾರೆ. ಗಂಟುಮೂಟೆ ತಲೆ ಮೇಲೆ ಹೊತ್ಕಂಡು ನಿಂತ್ಕಬೇಕು.”

“ಅಂಗಾದ್ರೆ ರೂಮೇ ವಾಸಿ,” ಎಂದರು ಅಪ್ಪ.

“ಎಲ್ಲೀದು ವಾಸಿ! ಅದು ಕಬ್ಬಿಣದ ಪೆಟ್ಗೆ. ಗಾಳಿ ಇಲ್ಲ. ಎಣ್ಣೆ ವಾಸ್ನೆ. ಅಲೆ ಬಂದ್ರೆ ಕಿಟಕೀನೂ ಮುಚ್ಬುಡ್ತಾರೆ. ಡೆಕ್ಕಲ್ಲಾದ್ರೆ ಮಾತಿಗೆ ನಾಕು ಜನ ಇರ್ತಾರೆ. ಅಲ್ಲಿ ಸತ್ರೂ ಕೇಳೋರಿಲ್ಲ.”

“ಹಂಗಾರೆ ಯಾವ್ದು ಮಾಡನ ಹೇಳಿ.”

ಅವರು ಮಜ್ಜಿಗೆ ಮುಗಿಸಿ ಬಾಯಿ ಒರೆಸಿಕೊಂಡರು. “ಹೋಗ್ದೆ ಇರಾದು ಮಾಡಿ,” ಎಂದು ನಕ್ಕುಬಿಟ್ಟರು. ಅಪ್ಪನೂ ನಕ್ಕರು. ನಾನು ಲೋಟ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜುತ್ತ ಕೂತೆ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕಪಿಲೆಯ ಸ್ನಾನಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಮಿಂದು ಸೀರೆ ಹಿಂಡುತ್ತ ಅವರು ತಾವಾಗೇ ಮಾತು ತೆಗೆದರು.

“ಕೂಸೇ, ಆ ರೂಮಿನ ದುಡ್ಡು ಅದಲ್ಲ, ಅದನ್ನ ಅವ್ರಿಗೆ ಕೊಟ್ಬುಟ್ರೆ ನಾನು ತಿರ್ಗಾ ಬರಾದು ಯಾವ್ದರಲ್ಲಿ?”

ನಾನು ಅವರ ಮುಖ ನೋಡಿದೆ.

“ನನ್ ಮಗ ಕೆಟ್ಟವ್ನಲ್ಲ. ಆದ್ರೆ ಅಲ್ಲಿಗೋದ್ ಮ್ಯಾಕೆ ಇವತ್ತು ನಾಳೆ ಅಂತಾನೆ. ಈ ವರ್ಸ ಆಗಾಕಿಲ್ಲ ಬರೋ ವರ್ಸ ನೋಡಮ ಅಂತಾನೆ. ನಾನು ಅಲ್ಲೇ ಕಣ್ಮುಚ್ಚಿದ್ರೆ? ನಿಮ್ಮಾವನ್ನ ಹೊಲ್ದಾಗ ಮಣ್ಣು ಮಾಡ್ದಾಗ ಪಕ್ಕದಲ್ಲಿ ನಂಗೆ ಜಾಗ ಬುಡಿಸಿವ್ನಿ. ವಾಪಸ್ ಬರಾ ದುಡ್ಡು ನನ್ ಸೊಂಟದಲ್ಲಿದ್ರೆ ನಾನು ಯಾವ ಸಮುದ್ರ ಬೇಕಾರೂ ದಾಟ್ತೀನಿ. ಇಲ್ದಿದ್ರೆ ನಂಗೆ ಎದರ್ಕೆ ಆಯ್ತದೆ ಕನವ್ವಾ.”

ಅಷ್ಟು ದೊಡ್ಡ ಹೆಂಗಸು, ಇಡೀ ಮನೆಯನ್ನು ಒಂದು ಕೆಮ್ಮಿನಲ್ಲಿ ನಡೆಸುತ್ತಿದ್ದವರು, ಹೆದರಿಕೆ ಎಂಬ ಮಾತನ್ನು ನನ್ನ ಮುಂದೆ ಆಡಿದರು. ನಾನು ಅವರ ಕೈಯಿಂದ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡಿದೆ. ಅದುವರೆಗೆ ಕೋಣೆ ಬೇಡವೆಂದರೆ ಅವರಿಗೆ ಕಷ್ಟವೆಂಬ ಒಂದೇ ಚಿಂತೆ ಇತ್ತು. ಈಗ ಕೋಣೆ ಬೇಕೆಂದರೂ ಅವರಿಗೇ ಕಷ್ಟ.

ರೈಲಿನಲ್ಲಿ ಮೈಸೂರು, ಬೆಂಗಳೂರು, ಅಲ್ಲಿಂದ ಮದರಾಸು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಏನಿತ್ತೋ ನನಗೆ ನೆನಪಿಲ್ಲ. ಮನಸ್ಸಿನಲ್ಲಿ ಕೋಣೆ, ಡೆಕ್ಕು, ಕೋಣೆ, ಡೆಕ್ಕು ಎಂದು ಗಾಲಿಯ ಸದ್ದಿಗೆ ಸರಿಯಾಗಿ ಉರುಳುತ್ತಿತ್ತು. ಭಾವನವರು ಮದರಾಸಿನವರೆಗೆ ಜೊತೆಗೆ ಬಂದರು. ಹಡಗಿನಲ್ಲಿ ನಮ್ಮ ಜೊತೆಗೆ ಯಜಮಾನರ ಮಿಲ್ಲಿನ ಮೇಸ್ತ್ರಿಯೊಬ್ಬರು, ರಜ ಮುಗಿಸಿ ಹೆಂಡತಿಯ ಸಮೇತ ಹಿಂದಿರುಗುವವರು, ಇರುತ್ತಾರೆಂದು ಏರ್ಪಾಡಾಗಿತ್ತು.

ಏಜೆಂಟರ ಕಚೇರಿಯಲ್ಲಿ ಜನ ಕಿಕ್ಕಿರಿದಿದ್ದರು. ಅತ್ತೆಯನ್ನು ಹೊರಗೆ ಜಗುಲಿಯ ಮೇಲೆ ಕೂರಿಸಿದ್ದೆವು. ಗುಮಾಸ್ತ ತೆಲುಗು ಬೆರೆತ ಕನ್ನಡದಲ್ಲಿ, “ರೂಮು ಬೇಕಾ, ಬೇಡವಾ? ಬೇಗ ಹೇಳಿ,” ಎಂದ. ಭಾವನವರು ನನ್ನ ಕಡೆ ತಿರುಗಿದರು. ಕೊನೆಯ ಗಳಿಗೆಯಲ್ಲಿ ಅವರೇ ಹೇಳಿಬಿಡುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಲಿಲ್ಲ. “ನಿನ್ ಗಂಡ ನಿಂಗೇ ಬುಟ್ಟವ್ನೆ,” ಎಂದರು.

ಹಾಗೇ ಬಾಯಿಂದ ಬಂತು: “ಒಬ್ಬರಿಗೆ ಮಾತ್ರ ರೂಮು ಮಾಡಿದ್ರೆ ಮಿಕ್ಕ ದುಡ್ಡಲ್ಲಿ ಅತ್ತೆಗೆ ವಾಪಸ್ ಡೆಕ್ಕಿನ ಟಿಕೆಟ್ಟು ಆಗ್ತದಾ ಕೇಳಿ ಭಾವ.”

ಗುಮಾಸ್ತ ಲೆಕ್ಕ ಹಾಕಿ, ಆಗುತ್ತದೆ, ಇನ್ನೂ ಸ್ವಲ್ಪ ಮಿಗುತ್ತದೆ ಎಂದ. ಹೆಂಗಸರ ಕೋಣೆಯೊಂದಿದೆ, ಎರಡು ಮಂಚ, ಸದ್ಯಕ್ಕೆ ಯಾರೂ ಬಂದಿಲ್ಲ ಎಂದೂ ಹೇಳಿದ. ಅತ್ತೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೂಜೆ ಮಾಡುತ್ತಾರೆ, ನಾನು ಡೆಕ್ಕಿನಲ್ಲಿ ಮೇಸ್ತ್ರಿಯ ಹೆಂಡತಿಯ ಪಕ್ಕ ಮಲಗುತ್ತೇನೆ, ಹೊತ್ತುಹೊತ್ತಿಗೆ ಕೋಣೆಗೆ ಹೋಗಿ ನೋಡಿಕೊಳ್ಳುತ್ತೇನೆ. ವಾಪಸಿನ ಹಣ ಅವರ ಸೊಂಟದಲ್ಲೇ ಇರುತ್ತದೆ. ಇದೆಲ್ಲ ನನಗೆ ಹೇಗೆ ಹೊಳೆಯಿತೋ ಎಂದು ನನಗೇ ಆಶ್ಚರ್ಯವಾಯಿತು. ಭಾವನವರು ಕೂಡ ತಲೆಯಾಡಿಸಿದರು. ಅತ್ತೆಯ ಕೈಗೆ ಹಣ ಕೊಟ್ಟು ಹೇಳಿದಾಗ ಅವರು ಅದನ್ನು ಸಂಚಿಗೆ ಸೇರಿಸಿ, “ಅಂಗಾರೆ ಸರಿ,” ಎಂದರು. ಬಹಳ ದಿನದ ಮೇಲೆ ಅವತ್ತು ಹೊಟ್ಟೆತುಂಬ ಉಂಡೆ.

ಆ ನೆಮ್ಮದಿ ಹಡಗಿನ ಏಣಿಯವರೆಗೆ ಇತ್ತು. ದೋಣಿಯಲ್ಲಿ ಕರೆದೊಯ್ದು ಹಡಗಿಗೆ ಹತ್ತಿಸಿದರು. ಮೇಲೆ ಬಂದ ಕೂಡಲೇ ಬಿಳಿ ಬಟ್ಟೆಯ ಬಟ್ಲರನೊಬ್ಬ ಅತ್ತೆಯ ಚೀಟಿ ನೋಡಿ ಅವರ ಗಂಟನ್ನು ಎತ್ತಿಕೊಂಡು ಹೊರಟ. ನಾನೂ ಹಿಂದೆ ಹೋದೆ. ಕೋಣೆಗಳಿರುವ ಮೇಲಂತಸ್ತಿನ ಮೆಟ್ಟಿಲ ಬಳಿ ಖಲಾಸಿಯೊಬ್ಬ ಕೈ ಅಡ್ಡ ಹಿಡಿದ. ಡೆಕ್ಕಿನವರು ಮೇಲೆ ಹೋಗುವಂತಿಲ್ಲ. ಮೆಟ್ಟಿಲಿಗೆ ಅಡ್ಡವಾಗಿ ದಪ್ಪ ಹಗ್ಗ ಕಟ್ಟಿದ್ದರು. ಮೇಸ್ತ್ರಿಯವರು ತಮಿಳಿನಲ್ಲೂ ಹಿಂದೂಸ್ತಾನಿಯಲ್ಲೂ ಹೇಳಿ ನೋಡಿದರು. ಆಗುವುದಿಲ್ಲ ಎಂದರೆ ಆಗುವುದಿಲ್ಲ.

ಅತ್ತೆ ಆಗಲೇ ಮೇಲಿನ ಮೆಟ್ಟಿಲಲ್ಲಿದ್ದರು. ತಿರುಗಿ ನೋಡಿದರು. “ಬಾ ಕೂಸೇ.”

“ನನ್ನ ಬುಡಾಕಿಲ್ವಂತೆ ಅತ್ತೆ.”

“ಬುಡಾಕಿಲ್ಲ ಅಂದ್ರೆ? ನಾನೊಬ್ಳೇ ಏನ್ಮಾಡ್ಲಿ?”

ಬಟ್ಲರನು ಮುಂದೆ ಹೋಗುತ್ತಲೇ ಇದ್ದ. ಅವರ ಪೂಜೆಯ ಗಂಟು ಅವನ ಕೈಯಲ್ಲಿತ್ತು. ಅದು ಕಣ್ಮರೆಯಾಗುತ್ತದೆಂದು ಅವರು ಅದರ ಹಿಂದೆ ಓಡಬೇಕಾಯಿತು. ಹಿಂದೆಯೇ ಟೋಪಿ ಹಾಕಿದ ಒಬ್ಬ ಆಂಗ್ಲೋ-ಇಂಡಿಯನ್ ಹೆಂಗಸು ಪೆಟ್ಟಿಗೆ ಹೊರಿಸಿಕೊಂಡು ಅದೇ ಮೆಟ್ಟಿಲು ಹತ್ತಿದಳು. ಹೆಂಗಸರ ಕೋಣೆಯಲ್ಲಿ ಎರಡು ಮಂಚ ಎಂದು ಗುಮಾಸ್ತ ಹೇಳಿದ್ದು ನೆನಪಾಯಿತು. ಇನ್ನೊಂದು ಮಂಚ ಈಕೆಯದೇ.

ಡೆಕ್ಕು ವರ್ತಕರು ಹೇಳಿದ ಹಾಗೇ ಇತ್ತು. ನನಗೆ ಅದ್ಯಾವುದೂ ಮನಸ್ಸಿಗೆ ತಾಗಲಿಲ್ಲ. ಮೇಸ್ತ್ರಿಯವರ ಹೆಂಡತಿ ಸತ್ಯಮಂಗಲದ ಕಡೆಯವರು, ಕನ್ನಡ ಬರುತ್ತಿತ್ತು. ಅವರು ತಮ್ಮ ಚಾಪೆಯ ಪಕ್ಕದಲ್ಲಿ ನನಗೆ ಜಾಗ ಮಾಡಿ, ಎರಡು ಕಂಬಗಳ ನಡುವೆ ಒಂದು ಹಳೆಯ ಸೀರೆ ಕಟ್ಟಿ ಮರೆ ಮಾಡಿದರು. “ಇದ್ರ ಒಳ್ಗೆ ಬಟ್ಟೆ ಬದಲ್ಸಬೌದು, ಪೂಜೆ ಮಾಡಬೌದು, ಯಾರೂ ಬರಲ್ಲ,” ಎಂದರು. ಅದರ ಹಿಂದೆ ಕೂತು ನಾನು ನನ್ನ ಪೂಜೆ ಮುಗಿಸಿದೆ. ಹಡಗು ಅಲ್ಲಾಡುತ್ತಿದ್ದದ್ದು ನಿಜ. ಆದರೆ ಲಿಂಗದ ಶಿವದಾರವನ್ನು ಕೊರಳಿನಿಂದ ಬಿಚ್ಚದೆ, ಕೈಯನ್ನು ಮಡಿಲಿಗೆ ಒತ್ತಿ ಹಿಡಿದರೆ ಭಯವಿರಲಿಲ್ಲ. ಇದನ್ನು ಅತ್ತೆಗೆ ಹೇಗೆ ಹೇಳಿ ಕಳಿಸುವುದು? ಹೇಳಿ ಕಳಿಸಲು ಅಲ್ಲಿ ಯಾರಿದ್ದರು?

ಮರುದಿನ ಬೆಳಿಗ್ಗೆ ಬಹಳ ಹೊತ್ತು ಹಗ್ಗದ ಹತ್ತಿರ ನಿಂತೆ. ಕೊನೆಗೆ ಮೇಲಿನ ಕಟಕಟೆಯ ಹತ್ತಿರ ಅತ್ತೆ ಕಾಣಿಸಿದರು. ಕಂಬಿ ಹಿಡಿದು ಕೆಳಗಿನ ಜನರಲ್ಲಿ ನನ್ನನ್ನು ಹುಡುಕುತ್ತಿದ್ದರು. ನಾನು ಕೈ ಬೀಸಿದೆ. ಅವರ ಮುಖ ನನ್ನ ಕಡೆ ತಿರುಗಿದಾಗ ಕಂಡದ್ದು ಬರಿ ಹಣೆ. ವಿಭೂತಿ ಇರಲಿಲ್ಲ.

ನಾನು ಆ ಮನೆಗೆ ಬಂದಂದಿನಿಂದ ಬೆಳಗಿನ ಹೊತ್ತು ಆ ಹಣೆಯನ್ನು ಬರಿದಾಗಿ ಕಂಡದ್ದಿಲ್ಲ. ವಿಭೂತಿ ಇಲ್ಲ ಎಂದರೆ ಪೂಜೆ ಆಗಿಲ್ಲ. ಪೂಜೆ ಆಗಿಲ್ಲ ಎಂದರೆ ಹಿಂದಿನ ಮಧ್ಯಾಹ್ನದಿಂದ ಅವರು ನೀರೂ ಕುಡಿದಿಲ್ಲ. “ಪೂಜೆ ಮಾಡ್ನಿಲ್ವಾ ಅತ್ತೆ?” ಎಂದು ಕೂಗಿದೆ. ಗಾಳಿ ಮಾತನ್ನು ಎತ್ತಿಕೊಂಡು ಹೋಯಿತು. ಅವರು ಕಿವಿಯ ಹತ್ತಿರ ಕೈ ಇಟ್ಟರು, ಕೇಳಿಸಲಿಲ್ಲವೆಂದು ತಲೆಯಾಡಿಸಿದರು. ನಾನು ನನ್ನ ಹಣೆ ಮುಟ್ಟಿ ತೋರಿಸಿದೆ. ಅವರು ಸುಮ್ಮನೆ ನನ್ನನ್ನು ನೋಡಿ ಒಳಗೆ ಹೋಗಿಬಿಟ್ಟರು.

ಸಾಯಂಕಾಲ ಅವರು ಬರಲೇ ಇಲ್ಲ. ಅದರ ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಅಷ್ಟರಲ್ಲಿ ಸಮುದ್ರ ಏಳತೊಡಗಿತ್ತು. ಡೆಕ್ಕಿನಲ್ಲಿ ಅರ್ಧ ಜನ ಮಲಗಿದ್ದರು. ನನಗೆ ವಾಂತಿಯೂ ಬರಲಿಲ್ಲ, ಹಸಿವೂ ಆಗಲಿಲ್ಲ. ಮೇಸ್ತ್ರಿಯವರ ಹೆಂಡತಿ ಅವಲಕ್ಕಿ ಕಲಸಿ ಮುಂದಿಟ್ಟರೆ ತುತ್ತು ಇಳಿಯಲಿಲ್ಲ. ಅತ್ತೆ ಕೋಣೆಯಲ್ಲಿ ಬಿದ್ದಿರುವಂತೆಯೂ, ಆ ಟೋಪಿಯ ಹೆಂಗಸು ಮುಖ ತಿರುಗಿಸಿಕೊಂಡು ಮಲಗಿರುವಂತೆಯೂ ಕಾಣುತ್ತಿತ್ತು. ಡೆಕ್ಕಿನಲ್ಲಿದ್ದಿದ್ದರೆ ನನ್ನ ಕಣ್ಣೆದುರಿಗಾದರೂ ಇರುತ್ತಿದ್ದರು. ಹಣ ಕೊಟ್ಟು ಅವರನ್ನು ದೂರ ಮಾಡಿಕೊಂಡ ಹಾಗಾಯಿತಲ್ಲ ಎಂದು ಹಗ್ಗದ ಪಕ್ಕದಲ್ಲೇ ಕುಸಿದು ಕೂತೆ. ಖಲಾಸಿ ಏಳು ಎಂದ. ನಾನು ಏಳಲಿಲ್ಲ. ಅಳುವುದಕ್ಕೆ ಶುರುಮಾಡಿದೆ.

ಮೇಸ್ತ್ರಿಯವರು ಬಂದು ಖಲಾಸಿಯ ಜೊತೆ ಏರುದನಿಯಲ್ಲಿ ಮಾತಾಡುತ್ತಿರುವಾಗ ಮೇಲಿನಿಂದ ಆ ಟೋಪಿಯ ಹೆಂಗಸೇ ಕಂಬಿ ಹಿಡಿದುಕೊಂಡು ಇಳಿದು ಬಂದಳು. ಈಗ ಟೋಪಿ ಇರಲಿಲ್ಲ, ಕೂದಲು ಕೆದರಿತ್ತು. ಹರಕುಮುರುಕು ತಮಿಳಿನಲ್ಲಿ ಏನೋ ಕೇಳಿದಳು. ಮೇಸ್ತ್ರಿಯವರು ನನ್ನನ್ನು ತೋರಿಸಿದರು.

“ಇವಳಾ ಆ ಮುದುಕಿಯ ಹುಡುಗಿ? ನಾನು ಇವಳನ್ನೇ ಹುಡುಕಿಕೊಂಡು ಬಂದೆ ಅಂತಾರೆ,” ಎಂದು ಅವರು ನನಗೆ ತಿಳಿಸಿದರು. “ಅವರು ಏನೂ ತಿನ್ನುತ್ತಿಲ್ಲವಂತೆ. ನೀರು ಕೊಟ್ಟರೂ ತಳ್ಳುತ್ತಾರಂತೆ. ಇವರಿಗೆ ಭಯವಾಗಿದೆಯಂತೆ.”

ಆಕೆ ಖಲಾಸಿಯನ್ನು ಇಂಗ್ಲಿಷಿನಲ್ಲಿ ಗದರಿದಳು. ಅವನು ಹಗ್ಗ ಬಿಚ್ಚಿದ.

ಕೋಣೆ ಚಿಕ್ಕದು, ಬಿಸಿ. ಗುಂಡು ಕಿಟಕಿಯನ್ನು ಮುಚ್ಚಿದ್ದರು. ಅತ್ತೆ ಮಂಚದ ಮೇಲಿರಲಿಲ್ಲ, ಕೆಳಗೆ ಮೂಲೆಯಲ್ಲಿ ಮುದುರಿಕೊಂಡಿದ್ದರು. ತುಟಿ ಒಡೆದಿತ್ತು. ಎರಡು ಕೈಯಲ್ಲೂ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡು ಕಣ್ಣು ತುಂಬಿದವು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

“ಅವ್ಳ ಎದ್ರಿಗೆ ಎಂಗವ್ವಾ ಮಾಡ್ಲಿ? ಮಾತು ಬರಾಕಿಲ್ಲ. ಆಚೀಗೋಯ್ತಾಳೆ, ಅಂಗೇ ಬಂದ್ಬುಡ್ತಾಳೆ. ಈ ಬಾಗ್ಲು ಎಂಗೆ ಆಕಾದೋ ನಂಗೆ ತಿಳೀನಿಲ್ಲ. ಕೆಳೀಕ್ ಬರಾಕೆ ನನ್ನ ಬುಡ್ತಾರೋ ಇಲ್ವೋ ಅದೂ ತಿಳೀನಿಲ್ಲ.”

ಬಾಗಿಲಿಗೆ ಹಿತ್ತಾಳೆಯ ತಿರುಗಣಿಯಂಥ ಚಿಲಕವಿತ್ತು. ಆಕೆಯೇ ಅದನ್ನು ತಿರುಗಿಸಿ ತೋರಿಸಿದಳು. ಪಾಪ, ಆಕೆ ಮೊದಲ ದಿನದಿಂದ ಮತ್ತೆ ಮತ್ತೆ ಹೊರಗೆ ಹೋದದ್ದು ಈ ಮುದುಕಿಗೆ ಒಬ್ಬಳೇ ಇರಬೇಕೆನಿಸಿದೆ ಎಂದು ಊಹಿಸಿಯೇ ಎಂದು ಮೇಸ್ತ್ರಿಯವರು ಆಮೇಲೆ ತಿಳಿಸಿದರು. ಎಷ್ಟು ಹೊತ್ತು ಹೊರಗಿರಬೇಕೆಂದು ಆಕೆಗೆ ಗೊತ್ತಿರಲಿಲ್ಲ. ಯಾವಾಗ ಬರುತ್ತಾಳೆಂದು ಇವರಿಗೆ ಗೊತ್ತಿರಲಿಲ್ಲ. ನಾನು ಕೈಸನ್ನೆ ಮಾಡಿದೆ. ಆಕೆ ತಲೆಯಾಡಿಸಿ ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ನಾನು ಚಿಲಕ ಹಾಕಿದೆ. ಅತ್ತೆಯ ಮುಖ ಕೈಕಾಲು ಒರೆಸಿ, ಬಟ್ಟೆ ಬದಲಿಸಿ, ಊರಿನಿಂದ ತಂದಿದ್ದ ಹೊಳೆಯ ನೀರನ್ನು ಗಿಂಡಿಗೆ ಬಗ್ಗಿಸಿಕೊಟ್ಟು, ನಾನೂ ಹೊರಗೆ ಹೋಗಲು ಎದ್ದೆ.

“ನೀ ಓಗ್ಬ್ಯಾಡ,” ಎಂದರು. “ಕೈ ನಡುಗ್ತದೆ.”

ಅವರು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನಾನು ಎದುರಿಗೆ ಕೂತು ನನ್ನ ಎರಡೂ ಅಂಗೈ ಜೋಡಿಸಿ ಅವರ ಕೈಯ ಕೆಳಗೆ ಹಿಡಿದೆ. ಹಡಗು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ಎರೆದ ನೀರು ಅವರ ಬೆರಳುಗಳ ಸಂದಿಯಿಂದ ನನ್ನ ಕೈಗೆ ಇಳಿಯಿತು. ಪ್ರತಿ ಅಲೆಗೂ ನಾನು ಅವರ ಕೈಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದೆ. ಅವರು ಮಾತ್ರ, ಕೂತ ಮೇಲೆ, ನರಸೀಪುರದ ಮನೆಯಲ್ಲಿ ಕೂತಷ್ಟೇ ನಿಶ್ಚಲವಾಗಿ ಕೂತರು. ಮುಗಿದ ಮೇಲೆ ಹುರಿಹಿಟ್ಟಿಗೆ ಬೆಲ್ಲ ಹಾಕಿ ಕಲಸಿ ಕೊಟ್ಟೆ. ಮಗುವಿನ ಹಾಗೆ ಬೇಗಬೇಗ ತಿಂದರು.

ತಿಂದು ಮುಗಿಸಿದವರೇ ಗಂಟು ಕಟ್ಟತೊಡಗಿದರು. “ಕೆಳೀಕ್ ಓಗ್ಮ ನಡಿ.”

ದುಡ್ಡು ಕೊಟ್ಟಿದ್ದೇವೆ, ಮೇಲೆ ಮೋಡ ಕವಿದಿದೆ, ಮಳೆ ಬಂದರೆ ನೆನೆಯುತ್ತೀರಿ, ಶೀತ ನಿಮಗೆ ಆಗುವುದಿಲ್ಲ ಎಂದು ನಾನು ಬಗೆಬಗೆಯಾಗಿ ಹೇಳಿದೆ. ಮತ್ತೆ ಅದೇ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತ್ತು. ಚಿಲಕ ಹಾಕುವುದು ಈಗ ಗೊತ್ತಾಯಿತಲ್ಲ, ಇಲ್ಲೇ ಇರಿ, ನಾನು ಹೊತ್ತಿಗೆ ಸರಿಯಾಗಿ ಬರುತ್ತೇನೆ, ಆಕೆ ಹಗ್ಗ ಬಿಚ್ಚಿಸುತ್ತಾಳೆ ಎಂದೆ.

“ನೀ ಇರೋ ಕಡೆ ನಾನು,” ಎಂದರು. ಆ ಹೆಂಗಸಿಗೆ ಕೈಮುಗಿದು ಹೊರಟೆವು. ಆಕೆ ತನ್ನ ಮಂಚದ ಮೇಲಿದ್ದ ಕಂಬಳಿಯನ್ನು ಎತ್ತಿ ಅತ್ತೆಯ ಹೆಗಲಿಗೆ ಹಾಕಲು ಬಂದಳು. ಅತ್ತೆ ಬೇಡವೆಂದು ನಯವಾಗಿ ಕೈಯಲ್ಲಿ ತಳ್ಳಿದರು. ತಪ್ಪು ತಿಳಿದಾಳೆಂದು ಆಮೇಲೆ ಆಕೆಯ ಕೈ ಮುಟ್ಟಿದರು.

ಆ ರಾತ್ರಿ ಮಳೆ ಬಂತು. ಬಿಸಿಲಿಗೆಂದು ಮೇಲೆ ಕಟ್ಟಿದ್ದ ದಪ್ಪ ಕಿತ್ತಾನು ಬಟ್ಟೆಯ ಮಡಿಕೆಗಳಿಂದ ನೀರು ಧಾರೆಯಾಗಿ ಸುರಿಯಿತು. ನಾನು ಮತ್ತು ಮೇಸ್ತ್ರಿಯವರ ಹೆಂಡತಿ ಅತ್ತೆಯನ್ನು ನಡುವೆ ಕೂರಿಸಿಕೊಂಡು ಎರಡು ಚಾಪೆಗಳನ್ನು ತಲೆಯ ಮೇಲೆ ಹಿಡಿದೆವು. ಆದರೂ ಅತ್ತೆ ಸೊಂಟದಿಂದ ಕೆಳಗೆ ನೆನೆದುಹೋದರು. ಮೇಲೆ ಒಣಗಿದ ಮಂಚವೊಂದು ಖಾಲಿ ಬಿದ್ದಿದೆ ಎಂಬ ಯೋಚನೆ ನನ್ನನ್ನು ಕೊರೆಯುತ್ತಿತ್ತು. ಅತ್ತೆ ಮೇಸ್ತ್ರಿಯವರ ಹೆಂಡತಿಗೆ ತಮ್ಮ ಮನೆಯ ಎಮ್ಮೆಯ ವಿಚಾರ ಹೇಳುತ್ತಿದ್ದರು.

ರಂಗೂನಿನ ದಕ್ಕೆಯಲ್ಲಿ ಇಳಿದಾಗ ಎಷ್ಟು ಹುಡುಕಿದರೂ ಯಜಮಾನರು ಕಾಣಲಿಲ್ಲ. ಡೆಕ್ಕಿನ ಜನವೆಲ್ಲ ಚದುರಿದ ಮೇಲೂ ನಾವು ಗಂಟುಗಳ ಮೇಲೆ ಕೂತಿದ್ದೆವು. ಕಾಯಿಲೆಯೋ, ಏನೋ ಆಯಿತೋ ಎಂದು ನನ್ನ ಮನಸ್ಸು ಎಲ್ಲೆಲ್ಲೋ ಹೋಯಿತು. ಕೊನೆಗೆ ಮೇಸ್ತ್ರಿಯವರು ಹುಡುಕಿಕೊಂಡು ಹೋಗಿ ಅವರನ್ನು ಕರೆತಂದರು. ಅವರು ಸೆಕೆಂಡ್ ಕ್ಲಾಸಿನವರು ಇಳಿಯುವ ಏಣಿಯ ಬುಡದಲ್ಲಿ ನಿಂತಿದ್ದರಂತೆ. ಕೊನೆಯವರು ಇಳಿದರೂ ನಾವು ಬಾರದ್ದು ಕಂಡು, ನಾವು ಹಡಗಿಗೇ ಹತ್ತಲಿಲ್ಲವೋ, ದಾರಿಯಲ್ಲಿ ಏನಾದರೂ ಆಯಿತೋ ಎಂದು ಬೆವೆತುಹೋಗಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

“ರೂಮು ತಗಳಿ ಅಂತ ದುಡ್ಡಿಟ್ಟಿದ್ನಲ್ಲವ್ವಾ!” ಎಂದರು, ಅವ್ವನ ಕಾಲು ಮುಟ್ಟುತ್ತಲೇ.

“ತಗಂಡಿದ್ಳು ಕಣಪ್ಪ. ಚೆಂದಾಗೇ ಇತ್ತು,” ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ.

ಮಳೆಯಲ್ಲಿ ನೆನೆದದ್ದಕ್ಕೆ ಅತ್ತೆಗೆ ಜ್ವರ ಬಂತು. ಹತ್ತು ಹನ್ನೆರಡು ದಿನ ಕಷಾಯ ಕುಡಿಸಿ ಪಕ್ಕದಲ್ಲೇ ಕೂತೆ. ಆ ದಿನಗಳಲ್ಲಿ, ಕೊನೆಯ ರಾತ್ರಿಯಾದರೂ ಕೋಣೆಯಲ್ಲಿ ಇರಿಸಿಕೊಳ್ಳಬೇಕಾಗಿತ್ತು ಎನಿಸುತ್ತಿತ್ತು. ಅವರು ಎದ್ದು ಓಡಾಡತೊಡಗಿದ ಮೇಲೆ, ಡೆಕ್ಕಿನಲ್ಲೇ ಮೊದಲಿನಿಂದ ಇದ್ದಿದ್ದರೆ ಆ ಉಪವಾಸವಾದರೂ ತಪ್ಪುತ್ತಿತ್ತು ಎನಿಸಿತು. ಈಗಲೂ ಯಾರಾದರೂ ಕೇಳಿದರೆ ಒಂದೇ ಉತ್ತರ ಕೊಡಲು ನನಗೆ ಬರುವುದಿಲ್ಲ. ಬೀಸಿದ ಗಾಳಿ, ಪಕ್ಕದಲ್ಲಿ ಬಂದು ಮಲಗುವವರು, ಬಾಗಿಲ ಚಿಲಕ, ಇವನ್ನೆಲ್ಲ ಮೊದಲೇ ತಿಳಿದು ಟಿಕೆಟ್ಟು ಮಾಡಿಸುವವರು ಯಾರಿದ್ದಾರೆ?

ಅತ್ತೆ ನಮ್ಮ ಜೊತೆ ಒಂದೂವರೆ ವರ್ಷ ಇದ್ದರು. ನನ್ನ ಮೊದಲ ಬಾಣಂತನ ಮಾಡಿ, ಮಗು ಕತ್ತು ನಿಲ್ಲಿಸಿದ ಮೇಲೆ ಊರಿಗೆ ಹೊರಟು ನಿಂತರು. ಮೇಸ್ತ್ರಿಯವರ ಹೆಂಡತಿಯೂ ಆ ಹಡಗಿನಲ್ಲೇ ಹೋಗುವವರಿದ್ದರು. ಯಜಮಾನರು ಮತ್ತೆ, “ಈ ಸಲ ರೂಮು ಮಾಡಿಸ್ಲೇನವ್ವಾ?” ಎಂದರು.

“ಅವ್ಳ ಕೇಳು,” ಎಂದರು ಅತ್ತೆ.

ಈ ಸಲ ನಾನು ಜೊತೆಗೆ ಹೋಗುವಂತಿರಲಿಲ್ಲ. ಬಹಳ ಯೋಚನೆ ಮಾಡಿ, ಡೆಕ್ಕೇ ಇರಲಿ, ಮೇಸ್ತ್ರಿಯವರ ಹೆಂಡತಿಯ ಪಕ್ಕದಲ್ಲಿ ಎಂದೆ. ಹಡಗು ಹೊರಟ ಗಳಿಗೆಯಿಂದ ಗಾಳಿ ಸ್ವಲ್ಪ ಬಲವಾದರೂ ಎದ್ದು ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡುತ್ತಿದ್ದೆ. ಮಗುವಿಗೆ ಹಾಲು ಕುಡಿಸುವಾಗಲೂ ಮನಸ್ಸು ಸಮುದ್ರದ ಮೇಲೆ ಇರುತ್ತಿತ್ತು. ಟಪಾಲಿನವನು ಬೀದಿಯ ತುದಿಯಲ್ಲಿ ಕಂಡರೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಓಡುತ್ತಿದ್ದೆ. ಕೊನೆಗೆ ಭಾವನವರ ಕಾಗದ ಬಂತು. ಅವ್ವ ಸುಖವಾಗಿ ಬಂದು ತಲುಪಿದರು, ದಾರಿಯಲ್ಲಿ ಒಂದು ಹೊತ್ತಿನ ಪೂಜೆಯೂ ತಪ್ಪಲಿಲ್ಲವಂತೆ, ಹಬ್ಬಕ್ಕೆ ಮೊಮ್ಮಗಳ ಅಳತೆಯ ಅಂಗಿ ಹೊಲಿಸುತ್ತಾರಂತೆ, ಎಷ್ಟು ಉದ್ದ ಬೆಳೆದಿದ್ದಾಳೆ ಎಂದು ಒಂದು ದಾರ ಕತ್ತರಿಸಿ ಕಳಿಸಬೇಕಂತೆ ಎಂದು ಬರೆದಿದ್ದರು.